ಎರಡು ಸರಿಯುತ್ತರ ಇದ್ದ ಪ್ರಶ್ನೆ

ನಮ್ಮ ಅರ್ಥಶಾಸ್ತ್ರದ ಸರ್ ತೀರಿಕೊಂಡ ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ಕೈಮುಗಿಯುವ ಚಿತ್ರಗಳು ಸಾಲುಗಟ್ಟಿ ಬಂದವು. ಅವುಗಳ ನಡುವೆ ಒಬ್ಬ, ಈಗ ಗದಗ ಕಡೆ ಹೈಸ್ಕೂಲ್ ಮಾಸ್ತರ, 'ಇದಕ್ಕೆ ನನ್ನ ಆಕ್ಷೇಪಣೆ ಇದೆ ಸರ್' ಎಂದು ಬರೆದ. ಬೇರೆ ಬ್ಯಾಚಿನವರು ಅವನ ಮೇಲೆ ಸಿಟ್ಟಾದರು. ಸಾವಿನ ಸುದ್ದಿಗೂ ತಮಾಷೆಯಾ ಅಂತ. ನಮ್ಮ ಬ್ಯಾಚಿನವರು ಮಾತ್ರ ಸುಮ್ಮನಿದ್ದೆವು. ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಈ ಆಕ್ಷೇಪಣೆಯ ಕತೆಯನ್ನೇ ಬರೆಯೋಣ ಎನಿಸಿತು.

ಬಿ.ಎ.ಯಲ್ಲಿ ಏನು ಓದಿದೆ ಎಂದು ದಯವಿಟ್ಟು ಕೇಳಬೇಡಿ. ಬೇಡಿಕೆಯ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ ಎಂಬುದು ನೆನಪಿದೆ. ಯಾಕೆ ಇಳಿಯುತ್ತದೆ ಎಂಬುದು ಮರೆತಿದೆ. ಆದರೆ ಧಾರವಾಡದ ಮಳೆಗಾಲದ ಬೆಳಿಗ್ಗೆ, ಕಾಲೇಜು ಶುರುವಾಗುವ ಮೊದಲೇ ಸರ್ ನಡೆಸುತ್ತಿದ್ದ ಆ ಸ್ಪರ್ಧಾತ್ಮಕ ಪರೀಕ್ಷೆಯ ಕ್ಲಾಸು ಪೂರ್ತಿ ನೆನಪಿದೆ. ಅದಕ್ಕೆ ಹಾಜರಿ ಇರಲಿಲ್ಲ, ಫೀ ಇರಲಿಲ್ಲ. ಕೊಡೆಯ ನೀರು ಝಾಡಿಸಿ ಒಳಗೆ ಬರುವರು. ಹೆಗಲಲ್ಲಿ ಖಾದಿ ಚೀಲ. ಚೀಲದ ತುಂಬ ಹಳೆಯ ಪ್ರಶ್ನೆಪತ್ರಿಕೆ. ರಾಜ್ಯ ಆಡಳಿತ ಸೇವೆಯ ಕೆಎಎಸ್, ಬ್ಯಾಂಕ್, ರೈಲ್ವೆ, ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕರ ಎಫ್‌ಡಿಎ, ಎಸ್‌ಡಿಎ, ಸಿಕ್ಕಿದ್ದೆಲ್ಲ. ಅವರೇ ಇಂಥ ಪರೀಕ್ಷೆ ಬರೆದಿದ್ದರೋ ಇಲ್ಲವೋ, ನಮಗೆ ಇವತ್ತಿಗೂ ತಿಳಿಯದು. ಕೇಳುವ ಧೈರ್ಯ ಯಾರಿಗಿತ್ತು?

ನಾನು ಸವಣೂರು ಕಡೆಯ ಹಳ್ಳಿಯವನು. ಪಿಯುಸಿಗೆ ಸೇರುವಾಗ ಧಾರವಾಡ ಜಿಲ್ಲೆಯವನಾಗಿದ್ದೆ, ಬಿ.ಎ.ಗೆ ಬರುವಷ್ಟರಲ್ಲಿ ಹಾವೇರಿ ಜಿಲ್ಲೆಯವನಾಗಿದ್ದೆ. 1997ರಲ್ಲಿ ಏಳು ಹೊಸ ಜಿಲ್ಲೆ ಆದವಲ್ಲ, ಆಗ. ಮೊದಲ ದಿನ ನಾನು ದಪ್ಪನೆಯ ಗೈಡ್ ಹಿಡಿದು ಕ್ಲಾಸಿಗೆ ಹೋಗಿದ್ದೆ. ಸರ್ ಅದನ್ನು ಇಸಿದುಕೊಂಡು ಪುಟ ತಿರುವಿದರು. ಕರ್ನಾಟಕದ ಜಿಲ್ಲೆಗಳು 20 ಎಂದು ಅದರಲ್ಲಿತ್ತು. ಅಷ್ಟರಲ್ಲಾಗಲೇ 27 ಆಗಿದ್ದವು.

"ಯಾವೂರೋ ನಿಂದು?"

"ಹಾವೇರಿ ಜಿಲ್ಲಾ ಸರ್."

"ಈ ಪುಸ್ತಕದಾಗ ನಿನ್ನ ಜಿಲ್ಲಾನ ಇಲ್ಲಲ್ಲೋ ತಮ್ಮಾ. ನೀ ಇದನ್ನ ನಂಬಿ ಪರೀಕ್ಷಾ ಬರೀತಿ?"

ಇಡೀ ಕ್ಲಾಸು ನಕ್ಕಿತು. ಲೈಬ್ರರಿಯ ಮೇಡಂ ಕೂಡ ಇದೇ ಜಾತಿ. ಗೈಡ್ ಕೇಳಿದರೆ ಕೊಡುತ್ತಿರಲಿಲ್ಲ. "ಮೊದ್ಲ ಎಂಟನೇತ್ತ ಸಮಾಜ ವಿಜ್ಞಾನ ಓದ್ಕೊಂಡ ಬಾ, ಆಮ್ಯಾಲ ನೋಡೂಣು" ಎನ್ನುವರು. ಎಂಟರಿಂದ ಹತ್ತನೆಯ ತರಗತಿವರೆಗಿನ ಪಠ್ಯಪುಸ್ತಕಗಳನ್ನು ಕಪಾಟಿನ ಕೆಳಗಿನ ಸಾಲಿನಲ್ಲಿ ಜೋಡಿಸಿಟ್ಟಿದ್ದರು. ಡಿಗ್ರಿ ಹುಡುಗರು ನೆಲದ ಮೇಲೆ ಕೂತು ಎಂಟನೇತ್ತ ಪುಸ್ತಕ ಓದುವುದನ್ನು ನೋಡಿ ಹುಡುಗಿಯರು ನಗುತ್ತಿದ್ದರು. ಆಮೇಲೆ ಅವರೂ ಬಂದು ಕೂತರು.

ಇನ್ನು ಕಿತಾಪತಿಯ ವಿಷಯ. 1998ರ ಮಳೆಗಾಲ. ಆ ವರ್ಷ ಉಳ್ಳಾಗಡ್ಡಿ ದರ ದೇಶದ ತುಂಬ ಗಗನಕ್ಕೆ ಹೋಗಿತ್ತು. ದಿನಾ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಬಿಡಿಸಿ ನಮಗೂ ಬೇಸರ ಬಂದಿತ್ತು. ಮೂವರು ಕೂತು ಒಂದು 'ಮಾದರಿ ಪ್ರಶ್ನೆಪತ್ರಿಕೆ' ತಯಾರಿಸಿದೆವು. ಅಕ್ಷರ ಗುರುತು ಸಿಗದಿರಲಿ ಎಂದು ಎಡಗೈಯಲ್ಲಿ ಬರೆದು ರಾತ್ರಿ ನೋಟಿಸ್ ಬೋರ್ಡಿಗೆ ಚುಚ್ಚಿ ಬಂದೆವು. ಒಂದನೇ ಪ್ರಶ್ನೆ: ಪ್ರಾಂಶುಪಾಲರ ಸ್ಕೂಟರ್ ಹೇಗೆ ಚಾಲೂ ಆಗುತ್ತದೆ? ನಾಲ್ಕನೇ ಕಿಕ್ಕಿಗೆ, ಏಳನೇ ಕಿಕ್ಕಿಗೆ, ತಳ್ಳಿದರೆ ಮಾತ್ರ, ಮೇಲಿನ ಯಾವುದೂ ಅಲ್ಲ. ಎರಡನೆಯದು ಇಲ್ಲಿ ಬರೆಯುವಂಥದ್ದಲ್ಲ. ಮೂರನೇ ಪ್ರಶ್ನೆ: ನಮ್ಮ ಕ್ಯಾಂಟೀನಿನ ಗಿರಮಿಟ್ಟಿನಲ್ಲಿ ಇಲ್ಲದ ವಸ್ತು ಯಾವುದು? ಚುರಮರಿ, ಉಳ್ಳಾಗಡ್ಡಿ, ಪುಠಾಣಿ ಹಿಟ್ಟು, ಹಸಿಮೆಣಸಿನಕಾಯಿ.

ಬೆಳಿಗ್ಗೆ ಬೋರ್ಡಿನ ಮುಂದೆ ಜಾತ್ರೆ ಸೇರಿತ್ತು. ನಾವೂ ಏನೂ ಗೊತ್ತಿಲ್ಲದವರಂತೆ ಹೋಗಿ ನಿಂತೆವು. ಹಾಳೆ ಹಾಗೇ ಇತ್ತು. ಯಾರೂ ಹರಿದಿರಲಿಲ್ಲ. ಆದರೆ ಅದರ ಮೇಲೆ ಕೆಂಪು ಶಾಯಿ ಬಿದ್ದಿತ್ತು. ಮೂರನೇ ಪ್ರಶ್ನೆಯ ಪಕ್ಕ ಸರ್ ಅಕ್ಷರ: 'ಈ ಪ್ರಶ್ನೆಗೆ ಎರಡು ಸರಿಯುತ್ತರ. ಉಳ್ಳಾಗಡ್ಡಿಯೂ ಇಲ್ಲ, ಪುಠಾಣಿ ಹಿಟ್ಟೂ ಇಲ್ಲ. ಪ್ರಶ್ನೆ ರದ್ದು. ಎಲ್ಲರಿಗೂ ಕೃಪಾಂಕ.'

ಕ್ಲಾಸಿನಲ್ಲಿ ಅವರು ಗದರಲಿಲ್ಲ. ಪ್ರಾಂಶುಪಾಲರಿಗೆ ಏನು ಹೇಳಿ ಸಮಾಧಾನ ಮಾಡಿದರೋ ತಿಳಿಯದು. ನಮಗೆ ಹೇಳಿದ್ದಿಷ್ಟು: "ಯಾರ ಬರದಾರ ನಾ ಕೇಳೂದಿಲ್ಲ. ಪ್ರಶ್ನೆ ಚಲೋ ಅದಾವ. ಆಯ್ಕೆ ಬರಿಯೂದು ನಿಮಗ ಬಂದಿಲ್ಲ." ಅವತ್ತಿನಿಂದ ಉತ್ತರ ಬರೆಯುವುದು ನಿಂತಿತು. ದಿನಕ್ಕೆ ತಲಾ ಐದು ಪ್ರಶ್ನೆ ನಾವೇ ಬರೆದು ತರಬೇಕು. ಒಂದು ಸರಿಯುತ್ತರ, ಮೂರು ತಪ್ಪು ಉತ್ತರ. ತಪ್ಪು ಉತ್ತರ ಸುಳ್ಳಾಗಿದ್ದರೆ ಸಾಲದು, ಓದಿದವನೂ ಮೋಸ ಹೋಗುವಂತಿರಬೇಕು. ಬೇರೆಯವರ ಪ್ರಶ್ನೆಯಲ್ಲಿ ದೋಷ ಕಂಡರೆ ಎದ್ದು ನಿಂತು 'ಆಕ್ಷೇಪಣೆ ಇದೆ ಸರ್' ಎನ್ನಬೇಕು, ಪಠ್ಯಪುಸ್ತಕದ ಪುಟ ತೋರಿಸಬೇಕು. ಬರೀ ಬಾಯಿಮಾತು ನಡೆಯದು. ಈಗ ಪರೀಕ್ಷೆ ಮುಗಿದ ಮೇಲೆ ಸರಿಯುತ್ತರಗಳ ಪಟ್ಟಿ, ಅಂದರೆ ಕೀ ಉತ್ತರ ಬಿಟ್ಟಾಗ ಅಭ್ಯರ್ಥಿಗಳು ದಾಖಲೆ ಲಗತ್ತಿಸಿ ಆಕ್ಷೇಪಣೆ ಹಾಕುತ್ತಾರಲ್ಲ, ಅದನ್ನು ನಾವು ಆಗಲೇ ಮಾಡುತ್ತಿದ್ದೆವು. ಕೊನೆಗೆ ಅದು ನಮ್ಮ ಬ್ಯಾಚಿನ ನಮಸ್ಕಾರವೇ ಆಗಿಹೋಯಿತು. ಮೆಸ್ಸಿನಲ್ಲಿ ಸಾರು ನೀರಾದರೆ ಆಕ್ಷೇಪಣೆ, ಬಸ್ಸು ತಪ್ಪಿದರೆ ಆಕ್ಷೇಪಣೆ.

ಇದರಲ್ಲಿ ಏನು ಲಾಭ ಅಂತೀರಾ? ನಾನು ಬರೆದ ಒಂದು ಪ್ರಶ್ನೆ ಹೇಳುತ್ತೇನೆ. ದಂಡಿಯಾತ್ರೆಯಲ್ಲಿ ಗಾಂಧೀಜಿ ಜತೆ ನಡೆದ ಕನ್ನಡಿಗ ಯಾರು? ಉತ್ತರ ಮೈಲಾರ ಮಹದೇವಪ್ಪ. ನಮ್ಮ ಜಿಲ್ಲೆಯ ಮೋಟೆಬೆನ್ನೂರಿನವರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಇದು ನನಗೆ ಊರಿನಲ್ಲೇ ಗೊತ್ತಿತ್ತು. ಆದರೆ ತಪ್ಪು ಉತ್ತರಕ್ಕೆ ಮೂವರು ಬೇಕಲ್ಲ? ಹುಡುಕಿದೆ. ಕರ್ನಾಟಕದ ಗಾಂಧಿ ಎನಿಸಿಕೊಂಡ ಹರ್ಡೇಕರ ಮಂಜಪ್ಪ ಸಿಕ್ಕರು. ಸೇವಾದಳ ಕಟ್ಟಿದ ಎನ್.ಎಸ್. ಹರ್ಡೀಕರ ಸಿಕ್ಕರು. ಕಾರ್ನಾಡ ಸದಾಶಿವರಾಯರು ಸಿಕ್ಕರು. ಕ್ಲಾಸಿನ ಅರ್ಧ ಜನ ಹರ್ಡೇಕರರಿಗೂ ಹರ್ಡೀಕರರಿಗೂ ಗುರುತು ಹಾಕಿ ಬಿದ್ದರು. ನಾನು ಬರೆದದ್ದು ಒಂದೇ ಪ್ರಶ್ನೆ, ಓದಿದ್ದು ನಾಲ್ಕು ಜನರ ಬಗ್ಗೆ. ಪ್ರಶ್ನೆ ತೆಗೆಯುವವನು ಎಲ್ಲಿ ಗುಂಡಿ ತೋಡುತ್ತಾನೆ ಎಂಬುದೂ ತಿಳಿಯಿತು. ಒಂದು ಆಯ್ಕೆ ಅದೇ ಕಾಲದ್ದು, ಒಂದು ಹೆಸರಿನಲ್ಲಿ ಹತ್ತಿರದ್ದು, ಒಂದು ಎಲ್ಲರಿಗೂ ಗೊತ್ತಿರುವ ದೊಡ್ಡ ಹೆಸರು.

ಸಾಮಾನ್ಯ ಜ್ಞಾನ ಮನೆಯ ಹೊಸ್ತಿಲಿನಿಂದ ಶುರುವಾಗಬೇಕು ಎಂಬುದು ಅವರ ಹಟ. ಒಮ್ಮೆ ಎಲ್ಲರನ್ನೂ ಬಸ್ಸಿನಲ್ಲಿ ಗರಗಕ್ಕೆ ಕರೆದೊಯ್ದು, ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುವುದನ್ನು ತೋರಿಸಿದರು. ಬರುವಾಗ ಬಸ್ಸಿನಲ್ಲೇ ಪ್ರಶ್ನೆ ಬರೆಸಿದರು. ಧ್ವಜದ ಉದ್ದ ಅಗಲ 3:2 ಎಂಬುದನ್ನು ನಾನು ಅದಾದ ಮೇಲೆ ಎಂದೂ ಮರೆತಿಲ್ಲ. ಗದಗ ಕಡೆಯ ಕಣಗಿನಹಾಳದ 1905ರ ಸಹಕಾರ ಸಂಘವೂ ಹೀಗೇ ತಲೆಯಲ್ಲಿ ಕೂತಿತು, ಗದಗಿನ ಗೆಳೆಯ ದಿನಾ ಅದೊಂದೇ ಪ್ರಶ್ನೆ ತರುತ್ತಿದ್ದರಿಂದ.

ಎಷ್ಟಾದರೂ ಅರ್ಥಶಾಸ್ತ್ರದ ಮನುಷ್ಯ. ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವಿರುವ ಪರೀಕ್ಷೆಯ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿಯೇ ತೋರಿಸಿದರು. ಏನೂ ಗೊತ್ತಿಲ್ಲದ 16 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ 4 ಸರಿ, 12 ತಪ್ಪು. ನಾಲ್ಕರಲ್ಲಿ ಮೂರು ಹೋಯಿತು, ಉಳಿದದ್ದು 1 ಅಂಕ. ಅದೂ ಅದೃಷ್ಟ ಕೈಕೊಡದಿದ್ದರೆ. ಅದೇ 16ರಲ್ಲಿ ಎರಡೆರಡು ಆಯ್ಕೆಗಳನ್ನು ಖಾತ್ರಿಯಾಗಿ ಹೊಡೆದುಹಾಕಿ ಉಳಿದೆರಡರಲ್ಲಿ ಒಂದನ್ನು ಆರಿಸಿದರೆ 8 ಸರಿ, 8 ತಪ್ಪು, ಕೈಗೆ 6 ಅಂಕ. "ಪೂರಾ ಗೊತ್ತಿದ್ದದ್ದು ಎಲ್ಲಾರೂ ಬರೀತಾರ. ಅರ್ಧ ಗೊತ್ತಿದ್ದದ್ದರಾಗ ನೌಕರಿ ಐತಿ" ಎನ್ನುವರು. ಯುಪಿಎಸ್‌ಸಿ ಪೂರ್ವಭಾವಿಯಲ್ಲಿ 2007ರಿಂದ ಮೂರನೇ ಒಂದು ಭಾಗ ಕಡಿತ ಬಂದಾಗ ನನಗೆ ಮೊದಲು ನೆನಪಾದದ್ದು ಈ ಲೆಕ್ಕವೇ. ಅಲ್ಲಿ ಕಣ್ಣುಮುಚ್ಚಿ ಹಾಕಿದವನಿಗೆ ಸರಾಸರಿ ಸೊನ್ನೆ.

ಪತ್ರಿಕೆಯನ್ನು ಮೂರು ಸುತ್ತು ಹೊಡೆಯಿರಿ ಎಂಬುದು ಇನ್ನೊಂದು ಪಾಠ. ಮೊದಲ ಸುತ್ತಿನಲ್ಲಿ ಓದಿದ ಕೂಡಲೇ ಹೊಳೆದವು. ಎರಡನೆಯದರಲ್ಲಿ ಎರಡಕ್ಕೆ ಇಳಿಸಬಹುದಾದವು. ಮೂರನೆಯದರಲ್ಲಿ ಸಮಯ ಉಳಿದರೆ ಲೆಕ್ಕದವು, ಇಲ್ಲವಾದರೆ ಬಿಡು. ಈಗಿನ ಕೆಎಎಸ್ ಪೂರ್ವಭಾವಿಯ ಒಂದೊಂದು ಪತ್ರಿಕೆಯಲ್ಲಿ 2 ಗಂಟೆಗೆ 100 ಪ್ರಶ್ನೆ. ಒಂದಕ್ಕೆ 72 ಸೆಕೆಂಡು. ಒಂದು ಪ್ರಶ್ನೆಯ ಮೇಲೆ ಹಟ ಹಿಡಿದು ಐದು ನಿಮಿಷ ಕೂತರೆ ನಾಲ್ಕು ಪ್ರಶ್ನೆ ಕಳೆದುಕೊಂಡಂತೆ. ಜಾಣ ಹುಡುಗರು ಬೀಳುತ್ತಿದ್ದದ್ದೇ ಇಲ್ಲಿ. ಅವರಿಗೆ ಬಿಡುವುದಕ್ಕೆ ಮನಸ್ಸು ಬಾರದು. ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯನ್ನು ಕೊನೆಯ ಹತ್ತು ನಿಮಿಷಕ್ಕೆ ಉಳಿಸಬಾರದು, ಪುಟ ಮುಗಿದಂತೆ ತುಂಬುತ್ತ ಹೋಗಬೇಕು. ಒಂದು ಸಾಲು ಜಾರಿದರೆ ಮುಂದಿನವೆಲ್ಲ ಜಾರುತ್ತವೆ.

ಈ ದಾರಿಯಲ್ಲಿ ನಡೆದು ನಾನು ಎಸ್‌ಡಿಎ ಆದೆ, ಆಮೇಲೆ ಎಫ್‌ಡಿಎ ಆದೆ, ಈಗ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಅಧಿಕಾರಿ. ಜಂಬಕ್ಕೆ ಹೇಳುತ್ತಿಲ್ಲ. ಸಾಮಾನ್ಯ ಜ್ಞಾನದಲ್ಲಿ ನನಗೆ ಬಂದ ಅಂಕವನ್ನು ಇಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ. ಕುತೂಹಲ ಇದ್ದವರು ನೇರವಾಗಿ ಕೇಳಬಹುದು. ನಮ್ಮೂರಿನ ಶಾಲೆಯ ಕಾರ್ಯಕ್ರಮಗಳಿಗೆ ನನ್ನನ್ನು ಕರೆದು ಶಾಲು ಹೊದಿಸುತ್ತಾರೆ. ಬೇಡ ಎಂದರೂ ಬಿಡುವುದಿಲ್ಲ, ಏನು ಮಾಡೋದು.

ಇತ್ತೀಚೆಗೆ ಧಾರವಾಡದ ಸಪ್ತಾಪುರದ ಕಡೆ ಹೋಗಿದ್ದೆ. ನಾವಿದ್ದಾಗ ಅಲ್ಲಿ ಖಾನಾವಳಿ, ಬಾಡಿಗೆ ರೂಮು, ಗಿಡಮರ. ಈಗ ಗೋಡೆ ಕಾಣದಷ್ಟು ಕೋಚಿಂಗ್ ಸೆಂಟರಿನ ಫಲಕ. ಓದುವ ಕೋಣೆಗಳಲ್ಲಿ ಒಬ್ಬೊಬ್ಬರಿಗೂ ಹಲಗೆಯ ಗೂಡು, ತಿಂಗಳ ಬಾಡಿಗೆ ಬೇರೆ. ಅಕ್ಕಪಕ್ಕ ಕೂತವರ ಮುಖ ಕಾಣುವುದಿಲ್ಲ. ಹಾಗಿದ್ದರೆ ಆಕ್ಷೇಪಣೆ ಎತ್ತುವವರು ಯಾರು? ಒಬ್ಬ ಹುಡುಗನ ಮೊಬೈಲಿನಲ್ಲಿ ಟೆಲಿಗ್ರಾಮಿನಿಂದ ಇಳಿಸಿಕೊಂಡ ಪಿಡಿಎಫ್ ರಾಶಿ. ಯಾವುದನ್ನು ಓದಿದ್ದೀಯ ಎಂದರೆ ನಕ್ಕ. ಹುಡುಗರು ಸೋಮಾರಿಗಳು ಎಂದು ನಾನು ಹೇಳುವುದಿಲ್ಲ. ನಮಗಿಂತ ಜಾಸ್ತಿ ಹೊತ್ತು ಕೂರುತ್ತಾರೆ. ಅವರ ಪಾಡೂ ನಮ್ಮಂತಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಬರೆದವರು, ಅಕ್ರಮ ಬಯಲಾಗಿ ಅದು ರದ್ದಾದ ಮೇಲೆ, ಮತ್ತೆ ಬರೆದದ್ದು 2024ರ ಜನವರಿಯಲ್ಲಿ. ನಡುವೆ ಕಾಲ ನಿಲ್ಲುತ್ತದೆಯೇ? ಊರಿನಲ್ಲಿ ಅಪ್ಪ ಅವ್ವ ಕೇಳುವುದು ಬಿಡುತ್ತಾರೆಯೇ? ಇಂಥ ಹುಡುಗರಿಗೆ ಮೂರು ಸುತ್ತಿನ ಉಪಾಯ ಹೇಳಲು ನನಗೂ ಸ್ವಲ್ಪ ನಾಚಿಕೆಯೇ ಆಯಿತು. ಆದರೂ ಹೇಳಿದೆ. ಮುಂದಿನ ಪರೀಕ್ಷೆ ಬಂದೇ ಬರುತ್ತದೆ, ಬಂದಾಗ ಬೇಕಲ್ಲ.

ನಿವೃತ್ತಿಯ ನಂತರವೂ ಸರ್ ಫೋನ್ ಮಾಡುತ್ತಿದ್ದರು. 2023ರ ಮಾರ್ಚಿನಲ್ಲಿ ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದ ದಿನ ಫೋನ್ ಬಂತು. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಯಾವುದು ಎಂಬುದಕ್ಕೆ ನಮ್ಮ ಕಾಲದ ಉತ್ತರ ಖರಗ್‌ಪುರ. ನಡುವೆ ಗೋರಖ್‌ಪುರ ಆಗಿತ್ತು. "ಉತ್ತರ ನಮ್ಮೂರಿಗೆ ಬಂತಲ್ಲೋ, ತಿದ್ದಿಕೋ" ಎಂದರು. ನನಗೆ ನೌಕರಿ ಸಿಕ್ಕು ಎಷ್ಟೋ ವರ್ಷ ಆಗಿತ್ತು. ಆದರೂ ತಿದ್ದಿಕೊಂಡೆ.

ಅವರ ಮನೆಯವರು ಆ ಪ್ರಶ್ನೆಪತ್ರಿಕೆಗಳನ್ನೂ ನಾವು ಬರೆದ ಪ್ರಶ್ನೆಗಳ ಕಟ್ಟನ್ನೂ ಕಾಲೇಜಿನ ಲೈಬ್ರರಿಗೆ ಕೊಟ್ಟಿದ್ದಾರೆ. ಎಡಗೈಯಲ್ಲಿ ಬರೆದ ಹಾಳೆಯೂ ಆ ಕಟ್ಟಿನಲ್ಲಿದೆಯಂತೆ. ಎರಡನೇ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗೆ ತೋರಿಸಬೇಡಿ ಎಂದು ಗ್ರಂಥಪಾಲಕರಿಗೆ ಹೇಳಿದ್ದೇನೆ. ಎರಡನೇ ಶನಿವಾರ ನಮಗೆ ರಜೆ, ಬೆಳಿಗ್ಗೆ ಬಂದು ಕ್ಲಾಸು ನಡೆಸಿಕೊಡುತ್ತೇನೆ ಎಂದು ಈಗಿನ ಪ್ರಾಂಶುಪಾಲರಿಗೂ ತಿಳಿಸಿದ್ದೇನೆ. ಅವರು ಒಪ್ಪಿದ್ದಾರೆ. ಬರುವವರು ಬಿಳಿ ಹಾಳೆ, ಒಂದು ಬಾಲ್‌ಪೆನ್ನು ಮತ್ತು ತಲಾ ಐದು ಪ್ರಶ್ನೆ ತರಬೇಕು. ಗೈಡ್ ಬೇಡ.