ಹೆಪ್ಪು ಹಾಕಿದ ಹಾಲಿನ ಮುಂದೆ

ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಮಲಗಿದವನು ಬೆಳಿಗ್ಗೆ ಮುಚ್ಚಳ ತೆಗೆದಾಗ ಗಟ್ಟಿ ಮೊಸರನ್ನು ಕಂಡೆ. ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಉಂಡು ಆಮ್ಲವನ್ನು ಹೊರಬಿಡುತ್ತವೆ; ಆ ಹುಳಿಗೆ ಕೇಸೀನ್ ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಹಾಲು ಗಟ್ಟಿಯಾಗುತ್ತದೆ. ಉಣ್ಣುವುದು, ಬೆಳೆಯುವುದು, ಎರಡಾಗಿ ಒಡೆಯುವುದು ಎಂಬ ಇಡೀ ಸಂಸಾರವನ್ನು ಒಂದೇ ಕೋಶದಲ್ಲಿ ನಡೆಸುವ ಈ ಜೀವಿಗಳಿಗೂ ಶತ್ರುಗಳುಂಟು: 1917ರಲ್ಲಿ ವಿಜ್ಞಾನಿ ಫೆಲಿಕ್ಸ್ ದೆರೆಲ್ ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟ ವೈರಸ್‌ಗಳು. ಪ್ರೋಟೀನಿನ ಚಿಪ್ಪಿನೊಳಗೆ ಮಡಚಿಟ್ಟ ಡಿಎನ್‌ಎಯನ್ನು ಬಿಟ್ಟರೆ ಇವುಗಳಿಗೆ ಸ್ವಂತದ್ದೆಂಬುದು ಹೆಚ್ಚೇನೂ ಇಲ್ಲ. ಅದನ್ನು ಬ್ಯಾಕ್ಟೀರಿಯಾದೊಳಗೆ ತೂರಿಸಿ, ಪ್ರೋಟೀನು ತಯಾರಿಸುವ ಅದರದೇ ಯಂತ್ರಗಳಾದ ರೈಬೋಸೋಮ್‌ಗಳಿಂದ ತಮಗೆ ಬೇಕಾದ ಪ್ರೋಟೀನುಗಳನ್ನು ಮಾಡಿಸಿಕೊಂಡು, ಕೊನೆಗೆ ಆ ಕೋಶವನ್ನೇ ಒಡೆದು ಹೊರಬರುತ್ತವೆ. ಡೈರಿಗಳಲ್ಲಿ ಹೆಪ್ಪು ಕೈಕೊಡಲು ಇದೂ ಒಂದು ಕಾರಣ. ನಮ್ಮ ಮನೆಯಲ್ಲಿ ಮಾತ್ರ ದೂರೆಲ್ಲ ಚಳಿಯ ಮೇಲೆ, ಇಲ್ಲವೇ ಹೆಪ್ಪು ಹಾಕಿದ ನನ್ನ ಕೈಯ ಮೇಲೆ.