ಸ್ಪ್ರಿಂಗ್ ಬೂಟ್ ಕಲಿತ್ರೆ ಸಾಕಾ ಅಂತ ಕೇಳೋರಿಗೆ

ಸಾಕಾಗಲ್ಲ. ಆಯ್ತಲ್ಲ, ಉತ್ತರ ಕೊಟ್ಟಾಯ್ತು, ಅವಸರ ಇರೋರು ಇಲ್ಲಿಂದಾನೇ ಹೊರಡಬಹುದು.

ವಾರಕ್ಕೊಬ್ಬರಾದ್ರೂ ಕೇಳ್ತಾರೆ. "ಸರ್, ಜಾವಾದಲ್ಲಿ ವೆಬ್ ಸರ್ವಿಸ್ ಮಾಡೋದು ಕಲೀಬೇಕು, ಸ್ಪ್ರಿಂಗ್ ಬೂಟ್ ಕಲಿತ್ರೆ ಸಾಕಾ?" ಫೋನಲ್ಲಿ ಕೇಳ್ತಾರೆ, ಮೆಸೇಜಲ್ಲಿ ಕೇಳ್ತಾರೆ, ಲಿಫ್ಟಲ್ಲಿ ಮೂರನೇ ಮಹಡಿಯಿಂದ ಕೆಳಗಿಳಿಯೋಷ್ಟರಲ್ಲಿ ಕೇಳಿ ಉತ್ತರಾನೂ ಅಷ್ಟರೊಳಗೇ ಬೇಕು ಅಂತಾರೆ. ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೇ ಬರೆದಿಡ್ತಿದೀನಿ. (ಹೊಸಬರಿಗೆ: ವೆಬ್ ಸರ್ವಿಸ್ ಅಂದ್ರೆ ಬೇರೆ ಪ್ರೋಗ್ರಾಮು ನೆಟ್‌ವರ್ಕಲ್ಲಿ ಕೇಳಿದ್ದಕ್ಕೆ ಉತ್ತರ ಕೊಡೋ ಪ್ರೋಗ್ರಾಮು, ಸ್ಪ್ರಿಂಗ್ ಬೂಟ್ ಅಂದ್ರೆ ಅದನ್ನ ಜಾವಾದಲ್ಲಿ ಬೇಗ ಕಟ್ಟೋಕೆ ಇರೋ ಸಿದ್ಧ ಚೌಕಟ್ಟು.)

ನನ್ನ ತಕರಾರು ಸ್ಪ್ರಿಂಗ್ ಬೂಟ್ ಮೇಲಲ್ಲ, ಆ "ಸಾಕಾ" ಮೇಲೆ. ನಾನು ಶುರು ಮಾಡಿದ್ದು ಸೋಪ್ ಕಾಲದಲ್ಲಿ, ಅಂದ್ರೆ ಸರ್ವಿಸ್‌ಗಳು ಎಕ್ಸ್‌ಎಂಎಲ್‌ನಲ್ಲೇ ಮಾತಾಡ್ತಿದ್ದ ಕಾಲ, ಸರ್ವಿಸ್ಸಿನ ವಿವರಕ್ಕೆ ಡಬ್ಲ್ಯುಎಸ್‌ಡಿಎಲ್ ಅಂತ ಮಾರುದ್ದದ ಎಕ್ಸ್‌ಎಂಎಲ್ ಫೈಲ್ ಕೊಡೋರು, ಅದರಿಂದ ಕ್ಲಾಸುಗಳು ರಾಶಿ ರಾಶಿ ಉದುರೋವು. ಆಗ ಸೀನಿಯರ್ ಒಬ್ರು ಜಾವಾದ ಸೋಪ್ ಸಲಕರಣೆ ತೋರಿಸಿ "ಜಾಕ್ಸ್-ಡಬ್ಲ್ಯುಎಸ್ ಕಲಿ, ಅಷ್ಟು ಸಾಕು" ಅಂದಿದ್ರು. 2018ರಲ್ಲಿ ಜಾವಾ 11 ಬಂದಾಗ ಅದನ್ನ ಜಾವಾದ ಮೂಲ ಕಿಟ್ಟು ಜೆಡಿಕೆಯಿಂದಾನೇ ಕಿತ್ತು ಹಾಕಿದ್ರು. ಸ್ಪ್ರಿಂಗ್ ಬೂಟನ್ನೇ ತಗೊಳ್ಳಿ, 2014ರಲ್ಲಿ ಮೊದಲ ವರ್ಷನ್, 2022ರ ಕೊನೇಲಿ ವರ್ಷನ್ 3, ಅದು ಬಂದಿದ್ದೇ ಜಾವಾ 17 ಇಲ್ಲದೆ ಓಡಲ್ಲ ಅಂತು, ಸರ್ವ್ಲೆಟ್ (ವೆಬ್ ರಿಕ್ವೆಸ್ಟ್ ನಿಭಾಯಿಸೋ ಜಾವಾ ಭಾಗ) ಇಂಪೋರ್ಟುಗಳಲ್ಲಿ ಜಾವಾಎಕ್ಸ್ ಅಂತಿದ್ದಿದ್ದು ಜಕಾರ್ತಾ ಆಯ್ತು. ಹಂಗಾಗಿ ನಾನು ಯಾರಿಗೂ "ಸಾಕು" ಅನ್ನಲ್ಲ, ಶಾಪ ತಟ್ಟುತ್ತೆ.

ಹಾಗಂತ ಬೂಟ್ ಕೆಟ್ಟದ್ದು ಅಂದ್ಕೋಬೇಡಿ, ದಿನಾ ಅದರಲ್ಲೇ ಅನ್ನ ದುಡೀತಿರೋನು ನಾನು. ಒಂದು ಕ್ಲಾಸಿನ ತಲೆ ಮೇಲೆ ರೆಸ್ಟ್‌ಕಂಟ್ರೋಲರ್ ಅಂತ ಅನೋಟೇಶನ್ (ಕೋಡಿಗೆ ಅಂಟಿಸೋ ಚೀಟಿ) ಬರೆದು ಗೆಟ್‌ಮ್ಯಾಪಿಂಗ್ ಅಂತ ವಿಳಾಸ ಕೊಟ್ಟ ಒಂದು ಮೆಥಡ್ ಇಟ್ರೆ 8080 ಪೋರ್ಟಲ್ಲಿ ಜೇಸನ್ (ಮಾಹಿತಿ ಬರೆಯೋ ಒಂದು ಪಠ್ಯ ರೂಪ) ಬಂದು ನಿಲ್ಲುತ್ತೆ. ಅಲ್ಲೇ ಇರೋದು ಮೋಸ. ಬ್ರೌಸರಲ್ಲಿ ಆ ಜೇಸನ್ ಕಂಡ ಕೂಡ್ಲೇ ಕಲಿತ್ಬಿಟ್ಟೆ ಅನ್ಸುತ್ತೆ. ನಂಗೂ ಅನ್ಸಿತ್ತು, ಸುಮಾರು ವರ್ಷ ಅನ್ಸಿತ್ತು, ಒಂದು ಸಂಜೆ ತನಕ.

ನಮ್ಮ ಆರ್ಡರ್ ಸರ್ವಿಸ್ ಇನ್ನೊಂದು ಟೀಮಿನ ಪೇಮೆಂಟ್ ಸರ್ವಿಸನ್ನ ಕರೀತಿತ್ತು. ಆ ಸಂಜೆ ಇದ್ದಕ್ಕಿದ್ದಂಗೆ ನಮ್ಮದು ಸತ್ತಂಗಾಯ್ತು. ಸಿಪಿಯು ನೋಡಿದ್ರೆ ಹಾಯಾಗಿ ಮಲಗಿದೆ, ಮೆಮೊರಿ ಸರಿ ಇದೆ, ಲಾಗಲ್ಲಿ ಒಂದು ಎರರ್ ಇಲ್ಲ. ರೀಸ್ಟಾರ್ಟ್ ಮಾಡಿದ್ವಿ, ಐದು ನಿಮಿಷ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಮೂರನೇ ರೀಸ್ಟಾರ್ಟ್ ಆದ್ಮೇಲೆ ಯಾರೋ ಪುಣ್ಯಾತ್ಮರು ಜೆಸ್ಟ್ಯಾಕ್ ಹಾಕಿ ನೋಡ್ರೋ ಅಂದ್ರು. ಒಂದೊಂದು ಥ್ರೆಡ್ (ಒಂದು ಸಲಕ್ಕೆ ಒಂದು ರಿಕ್ವೆಸ್ಟ್ ನೋಡ್ಕೊಳ್ಳೋ ಕೆಲಸಗಾರ) ಆ ಕ್ಷಣ ಎಲ್ಲಿ ನಿಂತಿದೆ ಅಂತ ತೋರಿಸೋ ಸಾಧನ ಅದು. ಹಾಕಿದ್ರೆ, ಬೂಟಿನೊಳಗೆ ರಿಕ್ವೆಸ್ಟ್ ತಗೊಳ್ಳೋ ಸರ್ವರ್ ಟಾಮ್‌ಕ್ಯಾಟಿನ ಥ್ರೆಡ್‌ಗಳು 1ರಿಂದ 200ರ ತನಕ ಸಾಲಾಗಿ ಎಲ್ಲವೂ ಸಾಕೆಟ್‌ರೀಡ್ (ನೆಟ್‌ವರ್ಕಿಂದ ಉತ್ತರ ಓದೋದು) ಅನ್ನೋ ಒಂದೇ ಸಾಲಲ್ಲಿ ನಿಂತಿವೆ, ಪಕ್ಕದಲ್ಲಿ ಸ್ಟೇಟು "ರನ್ನಬಲ್" ಅಂತ ಬೇರೆ. ಹೆಸರಿಗೆ ಓಡ್ತಿದೆ, ನೋಡಿದ್ರೆ ಕೂತಲ್ಲೇ ಕೂತಿದೆ.

ಆಗಿದ್ದಿಷ್ಟು. ಪೇಮೆಂಟ್ ಸರ್ವಿಸ್ ಉತ್ತರ ಕೊಡ್ತಿರ್ಲಿಲ್ಲ. ಆಗಲ್ಲ ಅಂದಿದ್ರೆ ನಾವೂ ಕೈ ತೊಳ್ಕೋತಿದ್ವಿ, ಅದು ಹೂಂ ಅನ್ನಲ್ಲ ಉಹೂಂ ಅನ್ನಲ್ಲ. ಬೇರೆ ಸರ್ವಿಸನ್ನ ಕರೆಯೋ ನಮ್ಮ ರೆಸ್ಟ್‌ಟೆಂಪ್ಲೇಟಿಗೆ ಎಷ್ಟು ಹೊತ್ತು ಕಾಯ್ಬೇಕು ಅಂತ ನಾವು ಹೇಳಿರ್ಲಿಲ್ಲ. ಹೇಳದಿದ್ರೆ ಒಳಗಿರೋ ಎಚ್‌ಟಿಟಿಪಿ ಕನೆಕ್ಷನ್ನಿನ ರೀಡ್ ಟೈಮ್‌ಔಟ್ 0, ಆ ಸೊನ್ನೆ ಅಂದ್ರೆ ಕಾಯಲೇಬೇಡ ಅಂತಲ್ಲ, ಯುಗಾಂತ್ಯದ ತನಕ ಕಾಯಿ ಅಂತ. ಟಾಮ್‌ಕ್ಯಾಟ್ ಡೀಫಾಲ್ಟಾಗಿ ಇಟ್ಕೊಳ್ಳೋದು 200 ಥ್ರೆಡ್, ಅಷ್ಟೂ ಕಾಯೋಕೆ ಕೂತ್ರೆ ಪೇಮೆಂಟಿಗೆ ಸಂಬಂಧಾನೇ ಇಲ್ಲದ ರಿಕ್ವೆಸ್ಟನ್ನೂ ಮಾತಾಡ್ಸೋರಿಲ್ಲ.

ನಾನು ಬುದ್ಧಿವಂತ ಅಲ್ವಾ, ಅವತ್ತೇ ರಾತ್ರಿ ಮೂರು ಸೆಕೆಂಡ್ ಟೈಮ್‌ಔಟ್ ಹಾಕ್ದೆ, ಜೊತೆಗೆ ಬಾರದಿದ್ರೆ ಇನ್ನೆರಡು ಸಲ ಕೇಳು ಅಂತ ರೀಟ್ರೈನೂ ಹಾಕ್ದೆ. ಮಾರನೇ ದಿನ ಗ್ರಾಹಕರಿಂದ ದೂರು: ಒಂದೇ ಆರ್ಡರಿಗೆ ಎರಡು ಸಲ ದುಡ್ಡು ಹೋಗಿದೆ, ಒಬ್ರಿಗಂತೂ ಮೂರು ಸಲ. ಟೈಮ್‌ಔಟ್ ಆಯ್ತು ಅಂದ್ರೆ ಕೆಲಸ ಆಗ್ಲಿಲ್ಲ ಅಂತಲ್ಲ, ಆಯ್ತೋ ಇಲ್ವೋ ನಮಗೆ ಗೊತ್ತಿಲ್ಲ ಅಂತ. ಮೊದಲನೇ ಸಲಾನೇ ದುಡ್ಡು ತಗೊಂಡಾಗಿತ್ತು, ಉತ್ತರ ಬರೋದು ಮಾತ್ರ ತಡ ಆಗಿತ್ತು.

ಹಂಗಾಗಿ ನೀವು ಕೇಳಬೇಕಿದ್ದ ಪ್ರಶ್ನೆ "ಉತ್ತರ ಬರದೇ ಇದ್ರೆ ಏನ್ ಮಾಡ್ಬೇಕು?" ಅನ್ನೋದು. ಇದನ್ನ ಇಲ್ಲಿ ತನಕ ಯಾರೂ ಕೇಳಿಲ್ಲ, ಕೇಳಿದ್ರೆ ಕೂರಿಸಿ ಒಂದು ಗಂಟೆ ಹೇಳ್ತೀನಿ. ಎಚ್‌ಟಿಟಿಪಿ ನಿಯಮದ ಪ್ರಕಾರ ಗೆಟ್ (ಓದೋದು), ಪುಟ್ (ಬದಲಿಸಿಡೋದು), ಡಿಲೀಟ್ (ಅಳಿಸೋದು) ಇವನ್ನ ಒಂದು ಸಲ ಕಳಿಸಿದ್ರೂ ಹತ್ತು ಸಲ ಕಳಿಸಿದ್ರೂ ಪರಿಣಾಮ ಒಂದೇ ಇರ್ಬೇಕು, ಹೊಸ ಕೆಲಸ ಒಪ್ಪಿಸೋ ಪೋಸ್ಟಿಗೆ ಆ ಖಾತ್ರಿ ಇಲ್ಲ. ದುಡ್ಡು ತಗೊಳ್ಳೋದು ಸಾಮಾನ್ಯವಾಗಿ ಪೋಸ್ಟೇ. ಅದಕ್ಕೇ ಕೇಳೋರು ಪ್ರತಿ ಆರ್ಡರಿಗೂ ಒಂದು ಕೀ ಹುಟ್ಟಿಸಿ ರಿಕ್ವೆಸ್ಟ್ ಜೊತೆ ಕಳಿಸ್ಬೇಕು, ಕೊಡೋರು ಆ ಕೀನ ಡೇಟಾಬೇಸಿನ ಯೂನಿಕ್ ಕಾಲಮ್ಮಲ್ಲಿ (ಒಂದೇ ಮೌಲ್ಯ ಎರಡು ಸಲ ಬರೋಕೆ ಬಿಡದ ಕಾಲಮ್), ದುಡ್ಡಿನ ಎಂಟ್ರಿ ಆಗೋ ಅದೇ ಟ್ರಾನ್ಸಾಕ್ಷನ್‌ನಲ್ಲಿ (ಆದ್ರೆ ಎರಡೂ ಆಗ್ಬೇಕು, ಇಲ್ದಿದ್ರೆ ಎರಡೂ ಆಗ್ಬಾರ್ದು) ಬರ್ಕೋಬೇಕು, ಅದೇ ಕೀ ಮತ್ತೆ ಬಂದ್ರೆ ಹೊಸದಾಗಿ ಏನೂ ಮಾಡದೆ ಹಳೇ ಉತ್ತರಾನೇ ವಾಪಸ್ ಕೊಡ್ಬೇಕು. ಕೇಳೋಕೆ ಸುಲಭ. ನಾನು ಮೊದಲ ಸಲ ಬರೆದಾಗ ಯುಯುಐಡಿ (ಕೀ ಆಗಿ ಬಳಸೋ, ಇನ್ನೊಂದಕ್ಕೆ ಹೊಂದದ ಗುರುತು) ಹುಟ್ಟಿಸೋ ಸಾಲನ್ನ ರೀಟ್ರೈ ಲೂಪಿನ ಒಳಗೆ ಇಟ್ಟಿದ್ದೆ, ಪ್ರತಿ ಸಲಾನೂ ಹೊಸ ಕೀ! ರಿವ್ಯೂ ಮಾಡಿದೋರು ನಗ್ಲೂ ಇಲ್ಲ, ಅದೇ ಬೇಜಾರು.

"2023ರಲ್ಲೇ ಜಾವಾ 21 ಬಂದು ವರ್ಚುವಲ್ ಥ್ರೆಡ್ ಕೊಡ್ತಲ್ಲ, ಇನ್ನೇನು?" ಅಂತ ಒಬ್ರು ವಾದಕ್ಕೆ ಬಂದ್ರು. ಅವು ಬೇಕಾದಷ್ಟು ಹುಟ್ಟಿಸಬಹುದಾದ ಹಗುರ ಥ್ರೆಡ್‌ಗಳು, ಖಾಲಿ ಆಗಲ್ಲ, ಸರಿ. ಬರದ ಉತ್ತರ ಅದರಿಂದ ಬರುತ್ತಾ?

ನಿಜವಾಗ್ಲೂ ಕಲಿಯೋ ಮನಸಿದ್ರೆ ಎರಡು ಪುಟ್ಟ ಸರ್ವಿಸ್ ಬರೀರಿ, ಮೊದಲನೇದು ಎರಡನೇದನ್ನ ಕರೀಬೇಕು. ಎರಡನೇದ್ರಲ್ಲಿ ಉತ್ತರಕ್ಕೆ ಮುಂಚೆ ಥ್ರೆಡ್ ಸ್ಲೀಪ್ 60 ಸೆಕೆಂಡ್ ಹಾಕಿ, ಮೊದಲನೇದ್ರಲ್ಲಿ ಟಾಮ್‌ಕ್ಯಾಟ್ ಥ್ರೆಡ್ 200ರಿಂದ 5ಕ್ಕೆ ಇಳಿಸಿ. ಕರ್ಲ್‌ನಿಂದ (ಕಮಾಂಡ್ ಲೈನಲ್ಲಿ ರಿಕ್ವೆಸ್ಟ್ ಕಳಿಸೋ ಸಾಧನ) ಮೊದಲನೇದಕ್ಕೆ ಒಟ್ಟಿಗೇ ಐದು ರಿಕ್ವೆಸ್ಟ್ ಬಿಟ್ಟು ಆರನೇದು ಏನಾಗುತ್ತೆ ನೋಡಿ, ಅದು ನೇತಾಡ್ತಿರೋವಾಗ್ಲೇ ಜೆಸ್ಟ್ಯಾಕ್ ತೆಗೀರಿ. ಆಮೇಲೆ ಬನ್ನಿ ಮಾತಾಡೋಣ. ಲಿಫ್ಟಲ್ಲಿ ಬೇಡ.