ಅಪ್ಪಯ್ಯನ ಕೋವಿಗೆ ಬೆಲೆ ಕಟ್ಟಿದ ದಿನ

ಅಪ್ಪಯ್ಯ ತೀರಿಕೊಂಡ ಮೇಲೆ ಅವರ ರೈಫಲ್ಲನ್ನು ಶಿವಮೊಗ್ಗದ ಒಂದು ಕೋವಿ ಅಂಗಡಿಯಲ್ಲಿ ಡಿಪಾಸಿಟ್ ಇಟ್ಟಿದ್ದೆವು. ಲೈಸೆನ್ಸು ಇದ್ದದ್ದು ಅವರ ಹೆಸರಲ್ಲಿ. ವಾರಸುದಾರರಾಗಿ ನಾವು ಅರ್ಜಿ ಹಾಕಬಹುದಿತ್ತು. ಆದರೆ ಚುನಾವಣೆ ಬಂದಾಗಲೆಲ್ಲ ಕೋವಿ ಹೊತ್ತು ಠಾಣೆಗೆ ಒಪ್ಪಿಸಿ ಬರುವುದು ಅಣ್ಣನಿಗೆ ಬೇಡವಾಗಿತ್ತು, ನಾನಿರುವುದು ಬೆಂಗಳೂರಲ್ಲಿ. "ಮಾರಿಬಿಡಿ" ಅಂದರು ಅಮ್ಮ. ಹಾಗೆ ಆಷಾಢದ ಒಂದು ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತಿದೆ. ಮಂಡಗದ್ದೆ ದಾಟುವಾಗಲೂ ಮಳೆ ಬಿಟ್ಟಿರಲಿಲ್ಲ. ಸೋದರಮಾವ ಹಿಂದಿನ ರಾತ್ರಿಯೇ ಫೋನು ಮಾಡಿ, "ಇಂಗ್ಲೆಂಡ್ ಮಾಲು ಮಾರಾಯ, ಐದು ಲಕ್ಷಕ್ಕೆ ಒಂದು ರೂಪಾಯಿ ಕಮ್ಮಿಗೂ ಒಪ್ಪಬೇಡ" ಎಂದಿದ್ದರು.

ಅದು ಅಜ್ಜ ಶಿಕಾರಿಗೆಂದು ಕೊಂಡಿದ್ದ ಇಂಗ್ಲೆಂಡಿನ ಬಿಎಸ್‌ಎ ಕಂಪನಿಯ, .315 ಇಂಚು ಅಳತೆಯ ನಳಿಗೆಯ ರೈಫಲ್. 1972ರ ವನ್ಯಜೀವಿ ಕಾಯ್ದೆಯ ನಂತರ ಶಿಕಾರಿ ನಿಂತಿತು. ಅಪ್ಪಯ್ಯನ ಕಾಲಕ್ಕೆ ಅದು ಬೆಳೆ ರಕ್ಷಣೆಯ ಕೋವಿಯಾಗಿ, ಗದ್ದೆಗೆ ಹಂದಿ ನುಗ್ಗಿದ ರಾತ್ರಿ ಆಕಾಶಕ್ಕೆ ಒಂದು ಈಡು ಹೊಡೆಯಲಿಕ್ಕಷ್ಟೇ ಹೊರಗೆ ಬರುತ್ತಿತ್ತು.

ಅಂಗಡಿಯ ಯಜಮಾನರು ವಯಸ್ಸಾದವರು. ಕೋವಿಯನ್ನು ಒಳಗಿಂದ ತಂದು ಮೇಜಿನ ಮೇಲೆ ಹಾಸಿದ್ದ ಕಂಬಳಿಯ ಮೇಲಿಟ್ಟರು. ಮೂರು ಕೋವಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದಂತಿರುವ ಕಂಪನಿಯ ಗುರುತು, ಬರ್ಮಿಂಗ್‌ಹ್ಯಾಮಿನಲ್ಲಿ ನಳಿಗೆ ಪರೀಕ್ಷೆಯಾದದ್ದಕ್ಕೆ ಒತ್ತಿದ ಮುದ್ರೆ ಎರಡನ್ನೂ ಭೂತಗನ್ನಡಿಯಲ್ಲಿ ನೋಡಿದರು. ತೋಟಾ ತುಂಬಲು ಹಿಂದಕ್ಕೂ ಮುಂದಕ್ಕೂ ಎಳೆಯುವ ಬೋಲ್ಟಿನ ನಂಬರೂ ಕೋವಿಯ ಮೈಯ ನಂಬರೂ ಒಂದೇ ಇತ್ತು. "ಬೋಲ್ಟು ಬದಲಾಗಿದ್ದರೆ ಅರ್ಧ ಬೆಲೆ ಅಲ್ಲೇ ಹೋಗ್ತಿತ್ತು" ಎಂದರು. ಗುಂಡು ಹಾರಿಸಲು ಎಳೆಯುವ ಕುದುರೆಯ ಹತ್ತಿರ ಕಪ್ಪು ಕಲೆಯೊಂದಿತ್ತು, ಆಯುಧಪೂಜೆಗೆ ವರ್ಷಾ ವರ್ಷಾ ಕುಂಕುಮ ಹಚ್ಚುತ್ತಿದ್ದ ಜಾಗ. ಅದರ ಮೇಲೆ ಹೆಬ್ಬೆರಳು ಆಡಿಸಿದರು, ಏನೂ ಹೇಳಲಿಲ್ಲ.

ಮರ ನೋಡಿದಾಗ ಮಾತ್ರ ತಲೆ ಅಲ್ಲಾಡಿಸಿದರು. ಕಂಪನಿ ಹಾಕಿದ್ದು ಅಕ್ರೋಟು ಮರ. ಹೆಗಲಿಗೆ ಕೊಡುವ ಭಾಗ ಯಾವಾಗಲೋ ಸೀಳಿ, ಅಪ್ಪಯ್ಯ ನಮ್ಮ ಹಿತ್ತಿಲಲ್ಲಿ ಗಾಳಿಗೆ ಬಿದ್ದಿದ್ದ ಬೀಟೆಯಲ್ಲಿ ಊರಿನ ಆಚಾರಿಯಿಂದ ಹೊಸದು ಮಾಡಿಸಿದ್ದರು. ಆ ಕೋವಿಯಲ್ಲಿ ನನಗೆ ಎಲ್ಲಕ್ಕಿಂತ ಚಂದ ಕಾಣುವುದು ಅದೇ. ಬೆಲೆ ಇಳಿಸಿದ್ದೂ ಅದೇ.

ಆಮೇಲೆ ಬೋಲ್ಟು ತೆಗೆದು, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ಬಹಳ ಹೊತ್ತು ನೋಡಿದರು. "ಬನ್ನಿ ಇಲ್ಲಿ" ಎಂದು ನನಗೂ ತೋರಿಸಿದರು. ಒಳಗಿನ ಸುರುಳಿ ಗೀರುಗಳು ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. "ಮಲೆನಾಡಿನಿಂದ ಬರೋ ಹಳೇ ರೈಫಲ್ ಹೀಗಿರೋದು ನಾನು ಕಂಡದ್ದು ಕಡಿಮೆ. ಹೊರಗೆ ಫಳಫಳ ಇರ್ತದೆ, ಒಳಗೆ ಗುಳಿ ಬಿದ್ದಿರ್ತದೆ. ತಂದೆಯವರು ಏನು ಮಾಡ್ತಿದ್ರು?"

ನನಗೆ ಬಚ್ಚಲಿನ ಹಂಡೆ ನೆನಪಾಯಿತು. ಈಡು ಹೊಡೆದ ರಾತ್ರಿ ಎಷ್ಟೇ ಹೊತ್ತಾಗಿರಲಿ, ಅಪ್ಪಯ್ಯ ಒಲೆ ಉರಿಸಿ, ಕುದಿಯುವ ನೀರನ್ನು ಲಾಳಿಕೆಯಿಂದ ನಳಿಗೆಗೆ ಹೊಯ್ಯುತ್ತಿದ್ದರು. ಕಾದ ಕಬ್ಬಿಣ ತಾನೇ ಒಣಗಿದ ಮೇಲೆ ದಾರಕ್ಕೆ ಹಳೇ ಪಂಚೆಯ ಚೂರು ಕಟ್ಟಿ ಎಳೆದು, ಕೊನೆಗೆ ಎಣ್ಣೆ. ಕಬ್ಬಿಣಕ್ಕೆ ಯಾರಾದರೂ ನೀರು ಹಾಕುತ್ತಾರಾ ಎಂದು ಚಿಕ್ಕವನಿದ್ದಾಗ ಕೇಳಿ ಬೈಸಿಕೊಂಡಿದ್ದೆ. ಉತ್ತರ ಯಜಮಾನರಿಂದ ಅವತ್ತು ಸಿಕ್ಕಿತು. ಹಳೇ ತೋಟಾಗಳ ಕೇಪು, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ, ಸಿಡಿದಾಗ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಉಳಿಯುತ್ತದೆ. ನಮ್ಮ ಮಳೆಗಾಲದ ತೇವವನ್ನು ಅದು ಎಳೆದುಕೊಂಡರೆ ನಾಲ್ಕೇ ದಿನದಲ್ಲಿ ತುಕ್ಕು. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರಿಗೇ ಕರಗಬೇಕು.

ಬೆಲೆ 1 ಲಕ್ಷದ 20 ಸಾವಿರ ಎಂದರು. ಮಾವನ ಐದು ಲಕ್ಷ ಹೇಳಿದೆ. ಅವರು ಬೇಸರಿಸದೆ ಬಿಡಿಸಿ ಹೇಳಿದರು. ಬ್ರಿಟಿಷರ ಕಾಲದಲ್ಲಿ .303 ಸೈನ್ಯದ ಗುಂಡು ಎಂದು ಜನಸಾಮಾನ್ಯರಿಗೆ ಕೊಡುತ್ತಿರಲಿಲ್ಲ, ಅದಕ್ಕೇ .315 ಇಲ್ಲಿ ಬಳಕೆಗೆ ಬಂತು. ಅದರ ತೋಟಾ ಇಲ್ಲಿಯ ಆರ್ಡ್ನೆನ್ಸ್ ಫ್ಯಾಕ್ಟರಿಯಲ್ಲೇ ತಯಾರಾಗುವುದರಿಂದ ಕೋವಿಗೆ ಇನ್ನೂ ಜೀವವಿದೆ. ತೋಟಾ ಸಿಗದ ಅಳತೆಯದಾದರೆ ಎಷ್ಟು ದೊಡ್ಡ ಹೆಸರಿದ್ದರೂ ಕೊಳ್ಳುವವರಿಲ್ಲ. ಆದರೆ ಅದೇ ಅಳತೆಯ ರೈಫಲ್ಲು ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯಲ್ಲೂ ಆಗುತ್ತದೆ, ಹಾಗಾಗಿ ವಿಲಾಯಿತಿ ಎಂಬ ಹೆಸರಿಗೆ ಸಿಗುವುದು ಸ್ವಲ್ಪ ಹೆಚ್ಚು ಅಷ್ಟೆ. ಕೊಳ್ಳುವವರ ಕೈಯಲ್ಲಿ ಲೈಸೆನ್ಸು ಇರಲೇಬೇಕು, ಅದರಲ್ಲೂ ತೋಟದವರು ಕೇಳುವುದು ರೈಫಲ್ಲನ್ನಲ್ಲ, ಹನ್ನೆರಡು ಬೋರಿನ ತೋಟಾ ಕೋವಿಯನ್ನೇ. ಆಯುಧ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಕೋವಿ ಎಂದಿದ್ದ ಮಿತಿ ಎರಡಕ್ಕಿಳಿದು, ಮೂರನೆಯದನ್ನು ಮಾರಲು ಬಂದವರೂ ಇದ್ದಾರಂತೆ.

"ಬೀಟೆ ಮರ ಇಲ್ಲದಿದ್ರೆ ಇನ್ನೊಂದು 20 ಸಾವಿರ ಹೇಳ್ತಿದ್ದೆ. ನಳಿಗೆ ಹೀಗಿಲ್ಲದಿದ್ರೆ 60ಕ್ಕೂ ಕಷ್ಟ ಇತ್ತು" ಎಂದರು.

ಒಪ್ಪಿದೆ. ಕಾಗದಗಳಿಗೆ ಸಹಿ ಹಾಕಿ ಎದ್ದವನು ಒಂದು ಚೀಟಿ ಕೇಳಿ ಪಡೆದು, ಅಪ್ಪಯ್ಯ ಮಾಡುತ್ತಿದ್ದ ಕ್ರಮದಲ್ಲೇ ಬರೆದೆ: ಮೊದಲು ಕುದಿಯುವ ನೀರು, ಆಮೇಲೆ ಒಣ ಬಟ್ಟೆ, ಕೊನೆಗೆ ಎಣ್ಣೆ, ಅದೂ ಹೊಡೆದ ರಾತ್ರಿಯೇ. ಯಜಮಾನರು ಅದನ್ನು ಓದಿ, ಮಡಚಿ, ಕೋವಿಯ ಪಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸಿದರು.